ಅಜ್ಜನ ಹೆಸರಲ್ಲೇ ಉಳಿದ ಹೊಲ: ನಿಮ್ಮ ಪಹಣಿ ಪ್ರಶ್ನೆಗಳಿಗೆ ಉತ್ತರ

ಈ ತಿಂಗಳು ಬಂದ ಕಾಗದಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಥರ ಶುರುವಾಗಿವೆ: "ಹೊಲ ನಾವೇ ಮಾಡ್ತಾ ಇದ್ದೀವಿ, ಆದರೆ ಪಹಣಿ..." ಆ 'ಆದರೆ' ಜೊತೆಗೇ ನನ್ನ 33 ವರ್ಷದ ನೌಕರಿ ಕಳೆಯಿತು. 1983ರಲ್ಲಿ ಗ್ರಾಮ ಲೆಕ್ಕಿಗಳಾಗಿ ಸೇರಿದಾಗ ನನ್ನ ಸರ್ಕಲ್‌ಗೆ ಐದು ಹಳ್ಳಿ, ದಿನಕ್ಕೆ ಎರಡು ಬಸ್ಸು. ಶಿರಸ್ತೇದಾರಳಾಗಿ ನಿವೃತ್ತಿಯಾದ ಮೇಲೂ ಜನ ಮನೆಗೆ ಬರುತ್ತಾರೆ. ಕೈಯಲ್ಲಿ ಒಂದು ಪ್ಲಾಸ್ಟಿಕ್ ಕವರು. ಬಿಚ್ಚಿದರೆ ಮೇಲೆ ಕಂದಾಯದ ರಸೀದಿ, ಮಧ್ಯೆ ಯಾರದ್ದೋ ಮದುವೆ ಕರೆಯೋಲೆ, ತಳದಲ್ಲಿ ನಾಲ್ಕು ಮಡಿಕೆಯಾಗಿ ಹರಿದ ಕೈಬರಹದ ಪಹಣಿ. ನಾನು ವಕೀಲಳಲ್ಲ, ಕೋರ್ಟಿನ ಮಾತಿಗೆ ವಕೀಲರನ್ನೇ ಕೇಳಿ. ಕಚೇರಿಯ ಒಳಗೆ ಕಾಗದ ಹೇಗೆ ನಡೆಯುತ್ತದೆ ಅನ್ನೋದನ್ನು ಮಾತ್ರ ನಾನು ಹೇಳಬಲ್ಲೆ.

*ಮೇಡಂ, ನಮ್ಮದು ಶಿರಾ ತಾಲೂಕು. ತಾತನ ಹೆಸರಲ್ಲಿ 3 ಎಕರೆ 12 ಗುಂಟೆ ಇದೆ. ತಾತ 1987ರಲ್ಲಿ ತೀರಿಕೊಂಡರು. ಅಪ್ಪ ಮತ್ತು ಇಬ್ಬರು ಚಿಕ್ಕಪ್ಪಂದಿರು ಊರ ಹಿರಿಯರ ಮುಂದೆ ಬಾಯಿಮಾತಲ್ಲೇ ಪಾಲು ಮಾಡಿಕೊಂಡರು. ನಮಗೆ ಬಂದಿದ್ದು 1 ಎಕರೆ 4 ಗುಂಟೆ. ಅಪ್ಪನೂ ಹೋಗಿ ಎಂಟು ವರ್ಷ ಆಯಿತು. ಪಹಣಿ ಇನ್ನೂ ತಾತನ ಹೆಸರಲ್ಲೇ ಇದೆ. ಬೆಳೆ ಸಾಲ ಇಲ್ಲ, ಬರ ಪರಿಹಾರ ಇಲ್ಲ, ಪಿಎಂ ಕಿಸಾನ್ ಇಲ್ಲ. ಬೆಂಗಳೂರಲ್ಲಿರುವ ಚಿಕ್ಕಪ್ಪನ ಮಗ ಸಹಿ ಹಾಕಲ್ಲ ಅಂತಾನೆ. ಅವನ ಸಹಿ ಇಲ್ಲದೆ ಏನೂ ಆಗಲ್ಲವಂತೆ, ನಿಜವೇ?*

ನಿಜ ಅಲ್ಲ. ನಿಮಗೆ ಯಾರೋ ಎರಡು ಕೆಲಸವನ್ನು ಕಲಸಿ ಹೇಳಿದ್ದಾರೆ. ಪೌತಿ ಬೇರೆ, ಪಾಲು ಬೇರೆ.

ಪೌತಿ ಅಂದರೆ ಸತ್ತವರ ಹೆಸರು ತೆಗೆದು ವಾರಸುದಾರರ ಹೆಸರು ಕೂರಿಸುವುದು. ಇದಕ್ಕೆ ಎಲ್ಲರೂ ಬಂದು ಸಹಿ ಹಾಕಬೇಕಾಗಿಲ್ಲ. ವಾರಸುದಾರರಲ್ಲಿ ಒಬ್ಬರು ನಾಡಕಚೇರಿಗೆ ಅರ್ಜಿ ಕೊಟ್ಟರೂ ನಡೆಯುತ್ತದೆ. ಆದರೆ ಖಾತೆ ನಿಮ್ಮೊಬ್ಬರ ಹೆಸರಿಗೆ ಬರುವುದಿಲ್ಲ, ಎಲ್ಲರ ಹೆಸರಿಗೂ ಜಂಟಿಯಾಗಿ ಬರುತ್ತದೆ. ಬೆಂಗಳೂರಿನ ತಮ್ಮನ ಹೆಸರೂ ಅದರಲ್ಲಿರುತ್ತದೆ. ಅವರು ತಕರಾರು ಹಾಕಿದರೆ ಅರ್ಜಿ ಬಿದ್ದುಹೋಗುವುದಿಲ್ಲ. ತಕರಾರು ರಿಜಿಸ್ಟರಿಗೆ ಹೋಗಿ ವಿಚಾರಣೆ ನಡೆಯುತ್ತದೆ. ಅಲ್ಲಿ ಅವರು 'ಇವನು ವಾರಸುದಾರ ಅಲ್ಲ' ಅಂತ ತೋರಿಸಬೇಕು. 'ನನಗೆ ಇಷ್ಟ ಇಲ್ಲ' ಅನ್ನುವುದು ತಕರಾರು ಅಲ್ಲ.

ನಿಮ್ಮದು ಎರಡು ತಲೆಮಾರಿನ ಪೌತಿ. ತಾತನ ಮರಣ ಪತ್ರ, ಅಪ್ಪನ ಮರಣ ಪತ್ರ, ತೀರಿಕೊಂಡಿದ್ದರೆ ಚಿಕ್ಕಪ್ಪಂದಿರದ್ದು, ಆಮೇಲೆ ಪೂರ್ತಿ ವಂಶವೃಕ್ಷ ಬೇಕು. ನೀವು ಸಿಕ್ಕಿಕೊಳ್ಳೋದು ಇಲ್ಲೇ. 1987ರ ಸಾವು ನೋಂದಣಿಯೇ ಆಗಿರುವುದಿಲ್ಲ. ಒಂದು ವರ್ಷ ದಾಟಿದ ಸಾವನ್ನು ನೋಂದಾಯಿಸಲು ಮ್ಯಾಜಿಸ್ಟ್ರೇಟರ ಆದೇಶ ಬೇಕು. ಅದಕ್ಕೆ ಮೊದಲು 'ನೋಂದಣಿ ಆಗಿಲ್ಲ' ಅನ್ನೋ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ತೆಗೆದುಕೊಳ್ಳಿ. ತಿಂಗಳುಗಟ್ಟಲೆ ಅಲೆದಾಡಿಸುವುದು ಇದೊಂದೇ ಕೆಲಸ, ಉಳಿದದ್ದು ಅಷ್ಟು ಕಷ್ಟವಿಲ್ಲ.

ವಂಶವೃಕ್ಷದಲ್ಲಿ ಒಂದು ಮಾತು. ನಿಮ್ಮ ಕಾಗದದಲ್ಲಿ ಅಪ್ಪ, ಚಿಕ್ಕಪ್ಪಂದಿರು ಬಂದರು. ಅತ್ತೆಯರು ಇಲ್ಲವೇ? ಇದ್ದರೆ ಅವರ ಹೆಸರು ಬರೆಸಿ. 'ಮದುವೆಯಾಗಿ ಹೋದವರು, ಅವರದ್ದೇನು' ಅಂತ ಬಿಟ್ಟರೆ ಇವತ್ತು ಕೆಲಸ ಸಲೀಸಾಗಬಹುದು. ಹತ್ತು ವರ್ಷ ಬಿಟ್ಟು ಅವರ ಮಕ್ಕಳು ಬಂದಾಗ ಇಡೀ ಖಾತೆ ಅಲುಗಾಡುತ್ತದೆ. ಅವರಿಗೆ ಬೇಡವಾದರೆ ಉಪನೋಂದಣಿ ಕಚೇರಿಗೆ ಬಂದು ಹಕ್ಕು ಬಿಡುಗಡೆ ಪತ್ರ ಮಾಡಿಕೊಡಲಿ. ಬೇಕಾದರೆ ಪಾಲು ಕೊಡಿ. ಅತ್ತೆಯ ಕಡೆಯವಳು ಈ ಉತ್ತರ ಬರೆಯುತ್ತಿದ್ದಾಳೆ ಅಂತ ಅನ್ನಿಸಿದರೆ ಅದೂ ಸರಿಯೇ. ಯಾಕೆ ಅಂತ ಮುಂದಿನ ಉತ್ತರದಲ್ಲಿ ಗೊತ್ತಾಗುತ್ತದೆ.

ಪೌತಿಯಾದ ಮೇಲೆ ಪಾಲು. ಮೂರೂ ಕಡೆಯವರು ಒಪ್ಪಿದರೆ 11ಇ ನಕ್ಷೆಗೆ (ಪಾಲಾಗುವ ತುಂಡುಗಳನ್ನು ಗುರುತಿಸುವ ಸರ್ವೇ ನಕ್ಷೆ) ಅರ್ಜಿ ಕೊಟ್ಟು, ಸರ್ವೇಯರ್ ಅಳೆದುಕೊಟ್ಟ ಮೇಲೆ ವಿಭಾಗ ಪತ್ರ ನೋಂದಣಿ ಮಾಡಿಸಿ. ಕುಟುಂಬದೊಳಗಿನ ವಿಭಾಗಕ್ಕೆ ಮುದ್ರಾಂಕ ಶುಲ್ಕ ಕ್ರಯಪತ್ರದ ಹಾಗೆ ಜಮೀನಿನ ಬೆಲೆ ಮೇಲೆ ಬೀಳುವುದಿಲ್ಲ, ಒಂದು ಪಾಲಿಗೆ ಇಷ್ಟು ಅಂತ ನಿಗದಿಯಾಗಿರುತ್ತದೆ. ಒಪ್ಪದಿದ್ದರೆ ಸಿವಿಲ್ ಕೋರ್ಟಿನಲ್ಲಿ ವಿಭಾಗದ ದಾವೆಯೇ ಗತಿ. ತಹಶೀಲ್ದಾರರು ಪಾಲು ಮಾಡಿಕೊಡುತ್ತಾರೆ ಅಂತ ಕಾಯಬೇಡಿ.

ಪಿಎಂ ಕಿಸಾನ್ ವಿಚಾರಕ್ಕೆ ಬರೋಣ. 1-2-2019ರ ನಂತರ ಜಮೀನು ಹೆಸರಿಗೆ ಬಂದವರಿಗೆ ಇಲ್ಲ ಅಂತ ನಿಮ್ಮನ್ನು ವಾಪಸು ಕಳಿಸಿದ್ದರೆ, ಆ ನಿಯಮ ಕೊಂಡವರಿಗೆ. ಸಾವಿನಿಂದ ಬಂದ ಜಮೀನಿಗೆ ವಿನಾಯಿತಿ ಇದೆ. ಜಂಟಿ ಖಾತೆಯಲ್ಲಿ ಹೆಸರು ಬಂದ ಕೂಡಲೇ ಫ್ರೂಟ್ಸ್ ಐಡಿ (ಸರ್ಕಾರದ ರೈತ ನೋಂದಣಿ ಸಂಖ್ಯೆ) ಮಾಡಿಸಿ ಅರ್ಜಿ ಹಾಕಿ, ಪಾಲು ಆಗುವವರೆಗೆ ಕಾಯಬೇಕಾಗಿಲ್ಲ. ವರ್ಷಕ್ಕೆ 6,000 ರೂಪಾಯಿ ಸಣ್ಣದೇ ಇರಬಹುದು. ಒಂದು ಮಳೆಗಾಲದ ಶೇಂಗಾ ಬೀಜಕ್ಕೆ ಕೈಸಾಲ ತಪ್ಪಿದರೂ ಲಾಭವೇ ಅಲ್ವಾ?

*ಅಕ್ಕಾರ, ನಾನು ಹಾನಗಲ್ ತಾಲೂಕಿನವಳು. 1992ರಲ್ಲಿ ಮದುವೆ ಆಯಿತು. ಅಪ್ಪ 2003ರಲ್ಲಿ ತೀರಿಕೊಂಡರು. ಅಜ್ಜನಿಂದ ಬಂದ ಐದು ಎಕರೆ ಅಣ್ಣಂದಿರ ಹೆಸರಿಗೆ ಆಗಿದೆ. ಯಜಮಾನರು ಹೋದ ಮೇಲೆ ನಾನು ಕೂಲಿ ಮಾಡುತ್ತೇನೆ. ಕೇಳಿದರೆ 'ಮದುವೆ ಖರ್ಚೇ ನಿನ್ನ ಪಾಲು' ಅಂತಾರೆ. '2001ರಲ್ಲೇ ನಾವು ಬಾಯಿಮಾತಲ್ಲಿ ಪಾಲಾಗಿದ್ದೇವೆ' ಅಂತಲೂ ಅಂತಾರೆ. ನಾನು ಒಮ್ಮೆ ಬಾಂಡ್ ಪೇಪರಿನ ಮೇಲೆ ಹೆಬ್ಬೆಟ್ಟು ಒತ್ತಿದ್ದೆ. ನನಗೆ ಏನಾದರೂ ಉಳಿದಿದೆಯೇ?*

ಉಳಿದಿದೆ ತಾಯಿ. ಆದರೆ ಸ್ವಲ್ಪ ಹಿಂದಿನಿಂದ ಹೇಳಬೇಕು, ಯಾಕೆಂದರೆ ನಿಮ್ಮ ಮದುವೆಯ ವರ್ಷವೇ ನಿಮ್ಮನ್ನು ಒಮ್ಮೆ ಹೊರಗೆ ನಿಲ್ಲಿಸಿತ್ತು.

ನಮ್ಮ ರಾಜ್ಯ 1994ರಲ್ಲೇ ಹಿಂದೂ ಉತ್ತರಾಧಿಕಾರ ಕಾಯ್ದೆಗೆ, ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳಷ್ಟೇ ಪಾಲು ಕೊಡುವ ತಿದ್ದುಪಡಿ ತಂದಿತು. ದೊಡ್ಡ ಮಾತೇ. ಆದರೆ ಆ ಜುಲೈ 30ಕ್ಕೆ ಮೊದಲು ಮದುವೆಯಾದವರಿಗೆ ಇಲ್ಲ ಅಂತ ಒಂದು ಸಾಲು ಸೇರಿಸಿದ್ದರು. 1992ರ ನೀವು ಆ ಸಾಲಿಗೆ ಸಿಕ್ಕಿಕೊಂಡಿರಿ. 2005ರ ಸೆಪ್ಟೆಂಬರ್ 9ರಿಂದ ಜಾರಿಯಾದ ಕೇಂದ್ರದ ತಿದ್ದುಪಡಿಯಲ್ಲಿ ಮದುವೆಯ ಗೊಡವೆಯೇ ಇಲ್ಲ. ಮಗಳು ಅಂದರೆ ಮಗಳು. ಆ ದಿನ ಅಪ್ಪ ಬದುಕಿರಬೇಕಿತ್ತೇ ಅನ್ನೋ ಜಗಳ ಹದಿನೈದು ವರ್ಷ ನಡೆಯಿತು. ಬೇಕಾಗಿಲ್ಲ ಅಂತ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ವಿನೀತಾ ಶರ್ಮಾ ಪ್ರಕರಣದಲ್ಲಿ ಹೇಳಿತು. ಹಾಗಾಗಿ ಅಪ್ಪ 2003ರಲ್ಲಿ ಹೋದರು ಅನ್ನೋದು ನಿಮಗೆ ಅಡ್ಡಿಯಲ್ಲ.

ಅಣ್ಣಂದಿರಿಗೆ ಉಳಿಯುವ ಒಂದೇ ದಾರಿ, 2004ರ ಡಿಸೆಂಬರ್ 20ಕ್ಕೆ ಮೊದಲೇ ಪಾಲಾಗಿತ್ತು ಅಂತ ತೋರಿಸುವುದು. ಅದಕ್ಕೆ ನೋಂದಣಿಯಾದ ವಿಭಾಗ ಪತ್ರ ಅಥವಾ ಕೋರ್ಟಿನ ಡಿಕ್ರಿ ಬೇಕು. ಬಾಯಿಮಾತಿನ ಪಾಲು ಅಂದರೆ ಅದನ್ನು ಹೇಳುವ ಸರ್ಕಾರಿ ದಾಖಲೆ ಬೇಕು. ಅಪರೂಪಕ್ಕೆ ಮಾತ್ರ ಅದನ್ನು ಒಪ್ಪಬೇಕು ಅಂತ ಅದೇ ತೀರ್ಪು ಹೇಳಿದೆ. ನೀವು ಮಾಡಬೇಕಾದ ಮೊದಲ ಕೆಲಸ ಇದೇ. 2001ರಿಂದ ಈಚಿನ ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆ) ಪ್ರತಿ ತೆಗೆಸಿ. ಆಗ ಪಾಲಾಗಿದ್ದರೆ ಅಪ್ಪ ಬದುಕಿದ್ದಾಗಲೇ ಖಾತೆ ಬೇರೆಯಾಗಿರಬೇಕಿತ್ತಲ್ಲ? 2003ರ ನಂತರ 'ಪೌತಿ' ಅಂತ ಒಂದೇ ಮ್ಯುಟೇಶನ್ ಇದ್ದರೆ, ಅಣ್ಣಂದಿರ ಮಾತಿಗೆ ಅವರದ್ದೇ ಕಾಗದ ಉತ್ತರ ಕೊಡುತ್ತದೆ.

ಹೆಬ್ಬೆಟ್ಟಿನ ಬಾಂಡ್ ಪೇಪರು ನೋಂದಣಿಯಾಗಿದೆಯಾ ನೋಡಿ. ಉಪನೋಂದಣಿ ಕಚೇರಿಗೆ ಹೋಗಿ ಬೆರಳು ಒತ್ತಿದ ನೆನಪು ಇಲ್ಲದಿದ್ದರೆ, ಆ ಸರ್ವೇ ನಂಬರಿಗೆ ಋಣಭಾರ ಪತ್ರ ತೆಗೆಸಿದರೆ ಗೊತ್ತಾಗುತ್ತದೆ. ನೋಂದಣಿಯಾಗದ ಹಕ್ಕು ಬಿಡುಗಡೆಯಿಂದ ಜಮೀನಿನ ಹಕ್ಕು ಹೋಗುವುದಿಲ್ಲ. ತಾಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಇರುತ್ತದೆ. ಹೆಣ್ಣುಮಕ್ಕಳಿಗೆ ವಕೀಲರ ಫೀಸಿಲ್ಲದೆ ನೆರವು ಕೊಡುತ್ತಾರೆ, ಆದಾಯ ಕೇಳುವುದಿಲ್ಲ.

ಇನ್ನು ನನ್ನ ಕಥೆ. ನಮ್ಮಪ್ಪನದು ತಿಪಟೂರು ಸೀಮೆಯಲ್ಲಿ ಎರಡೂಕಾಲು ಎಕರೆ ತೆಂಗು. ಅವರು ತೀರಿಕೊಂಡಿದ್ದು 1998ರಲ್ಲಿ. ನಾನಾಗ ಬೇರೆ ತಾಲೂಕಿನ ಹಳ್ಳಿಗಳಲ್ಲಿ ಚಾಪೆ ಮೇಲೆ ಕೂತು ಜನರ ವಂಶವೃಕ್ಷ ಬರೆದುಕೊಡುತ್ತಿದ್ದೆ. 'ಹೆಣ್ಣುಮಕ್ಕಳ ಹೆಸರು ಹೇಳ್ರಪ್ಪಾ' ಅಂತ ಗದರಿಸಿ ಕೇಳುತ್ತಿದ್ದೆ. ಕಂಪ್ಯೂಟರ್ ಪಹಣಿ ಬಂದ ಹೊಸದರಲ್ಲಿ, 15 ರೂಪಾಯಿ ಕೊಟ್ಟು ನಮ್ಮ ತೋಟದ್ದೂ ಒಂದು ಪ್ರತಿ ತೆಗೆಸಿದೆ, ಸುಮ್ನೆ ನೋಡೋಣ ಅಂತ. ಮಾಲೀಕರ ಹೆಸರಿನ ಒಂಬತ್ತನೇ ಕಲಮಿನಲ್ಲಿ ಎರಡೇ ಹೆಸರು, ಅಣ್ಣ ಮತ್ತು ತಮ್ಮ. ವಂಶವೃಕ್ಷದ ನಕಲು ತರಿಸಿದೆ. ಅದರಲ್ಲಿ ನಮ್ಮಪ್ಪನಿಗೆ ಹೆಣ್ಣುಮಕ್ಕಳೇ ಹುಟ್ಟಿರಲಿಲ್ಲ. ನಾನೂ ಇಲ್ಲ, ತಂಗಿಯೂ ಇಲ್ಲ. ಕೆಳಗೆ ಸಹಿ ಹಾಕಿದ್ದು ನನ್ನಂಥದ್ದೇ ನೌಕರಿಯವನು. ಕೇಳಿದ್ದಕ್ಕೆ, "ಅಕ್ಕಾ, ನಿಮಗೆ ಸಂಬಳ ಬರುತ್ತಲ್ಲ" ಅಂದ.

ಸಂಬಳ ನನಗೆ ಬರುತ್ತಿತ್ತು, ತಂಗಿಗೆ ಬರುತ್ತಿರಲಿಲ್ಲ. ಉಪವಿಭಾಗಾಧಿಕಾರಿ ಮುಂದೆ ಮೇಲ್ಮನವಿ ಹಾಕಿದೆವು. ಅದಕ್ಕೆ 60 ದಿನದ ಗಡುವು, ನಮಗೆ ಗೊತ್ತಾಗಿದ್ದೇ ತಡ ಅಂತ ವಿಳಂಬ ಮನ್ನಾ ಅರ್ಜಿಯೂ ಜೊತೆಗೆ. ಒಂದೂವರೆ ವರ್ಷ ಓಡಾಡಿದ ಮೇಲೆ ಹೆಸರು ಸೇರಿತು. ಅಣ್ಣ ಈಗಲೂ ವರ್ಷಕ್ಕೊಮ್ಮೆ ಒಂದು ಚೀಲ ತೆಂಗಿನಕಾಯಿ ಕಳಿಸುತ್ತಾನೆ. ಆಟೋದವನ ಕೈಯಲ್ಲಿ. ತಾನು ಮಾತ್ರ ಹೊಸಿಲು ದಾಟಿಲ್ಲ. ನಿಮಗೂ ಹೀಗಾಗಬಹುದು, ಅದನ್ನು ಮುಚ್ಚಿಟ್ಟು 'ಹೋಗಿ ಕೇಸು ಹಾಕಿ' ಅನ್ನಲು ನನಗೆ ಮನಸ್ಸಿಲ್ಲ. ತಂಗಿ ಇವತ್ತು ಆ ತೋಟದ 22 ಗುಂಟೆಯಲ್ಲಿ ಮನೆ ಕಟ್ಟಿಕೊಂಡಿದ್ದಾಳೆ, ಇದನ್ನೂ ಹೇಳಬೇಕು.

*ಸಿಂಧನೂರು ತಾಲೂಕಿನಲ್ಲಿ ನಾಲ್ಕು ಎಕರೆ ಗದ್ದೆ ಲೀಜಿಗೆ ಮಾಡುತ್ತೇನೆ. ಸ್ವಂತ ಜಮೀನಿಲ್ಲ. ಎಕರೆಗೆ ಇಷ್ಟು ಚೀಲ ನೆಲ್ಲು ಅಂತ ಮಾತು. ಮಾಲೀಕರು ಕಾಗದ ಬರೆಯಲ್ಲ, ಎರಡು ವರ್ಷಕ್ಕೊಮ್ಮೆ ಬೇರೆ ಗದ್ದೆಗೆ ಬದಲಾಯಿಸುತ್ತಾರೆ. ಹೋದ ವರ್ಷ ಬೆಳೆ ಹಾಳಾಯಿತು, ಪರಿಹಾರ ಅವರ ಖಾತೆಗೆ ಹೋಯಿತು. 'ಉಳುವವನೇ ಹೊಲದೊಡೆಯ' ಅಂತಾರಲ್ಲ, ನನ್ನ ಹೆಸರು ಪಹಣಿಯ 12ನೇ ಕಲಮಿಗೆ ಬರುವುದಿಲ್ಲವೇ?*

ಈ ಕಾಗದ ಓದಿ ಎರಡು ದಿನ ಉತ್ತರ ಬರೆಯಲಾಗಲಿಲ್ಲ. ಬೇಜಾರಿನ ಉತ್ತರವೇ ಕೊಡಬೇಕು.

ನೀವು ಹೇಳುವ ಮಾತಿನ ಹಿಂದೆ ದೊಡ್ಡ ಚರಿತ್ರೆ ಇದೆ. ಸಾಗರ ತಾಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತರು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೂ ಆ ಜಗಳದಲ್ಲಿತ್ತು. ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು, ಲೋಹಿಯಾ ಅಲ್ಲಿಗೇ ಬಂದು ಬಂಧನಕ್ಕೊಳಗಾದರು. ದೇವರಾಜ ಅರಸರ ಕಾಲದ ಭೂಸುಧಾರಣಾ ಕಾಯ್ದೆಯ ತಿದ್ದುಪಡಿಯಿಂದ, 1-3-1974ರಂದು ಗೇಣಿಯಲ್ಲಿದ್ದ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ನಮೂನೆ 7 ಹಾಕಿದ ಗೇಣಿದಾರರಿಗೆ ಭೂ ನ್ಯಾಯಮಂಡಳಿಯಿಂದ ಹಕ್ಕು ಸಿಕ್ಕಿತು. ಆ ಅರ್ಜಿಗೆ ಕೊನೆಯ ದಿನ 30-6-1979. ಆ ಬಾಗಿಲು ಮುಚ್ಚಿ ಎಷ್ಟೋ ವರ್ಷವಾಯಿತು. ಮುಂದಕ್ಕೆ ಯಾರೂ ಗೇಣಿಗೆ ಕೊಡಬಾರದು ಅಂತ ಅದೇ ಕಾಯ್ದೆಯ 5ನೇ ಕಲಂ ಹೇಳುತ್ತದೆ. ಸೈನಿಕರು, ನಾವಿಕರಿಗೆ ವಿನಾಯಿತಿ ಇದೆ.

ಹಾಗಂತ ಗೇಣಿ ನಿಂತಿತೇ? ಇಲ್ಲ. ಹೆಸರು ಬದಲಾಯಿಸಿಕೊಂಡಿತು. ನಿಮ್ಮ ಕಡೆ ಲೀಜು, ಲಾವಣಿ. ನಮ್ಮ ಕಡೆ ವಾರ, ಕೋರು. ಆದರೆ ಈಗ ಅದು ಕಾಗದದಲ್ಲಿ ಇಲ್ಲ. ನಿಮ್ಮ ಮಾಲೀಕರು ಗದ್ದೆ ಬದಲಾಯಿಸುವುದು ಕೆಟ್ಟ ಬುದ್ಧಿಯಿಂದಲೇ ಅಂತ ನಾನು ಹೇಳಲಾರೆ. ಒಂದೇ ಗದ್ದೆಯಲ್ಲಿ ಬಿಟ್ಟರೆ ನಾಳೆ ಇವನೇ ಒಡೆಯನಾಗುತ್ತಾನೆ ಅನ್ನೋ ಹೆದರಿಕೆ 1974ರಿಂದ ಮನೆಮನೆಯಲ್ಲೂ ಇಳಿದುಬಂದಿದೆ. ಅಂದು ಗೇಣಿದಾರನನ್ನು ಕಾದ ಕಾಯ್ದೆ, ಇವತ್ತು ನಿಮ್ಮನ್ನು ಕಾಣದ ಹಾಗೆ ಮಾಡಿದೆ. ಕಾಯ್ದೆಯೇ ತಪ್ಪು ಅನ್ನಲ್ಲ ನಾನು. ನಮ್ಮೂರಲ್ಲೇ ಎಷ್ಟೋ ಮನೆ ಅದರಿಂದ ಎರಡು ಹೊತ್ತು ಉಂಡಿವೆ. ಆಮೇಲೆ ಬಂದ ನಿಮ್ಮಂಥವರ ಬಗ್ಗೆ ಯೋಚಿಸುವುದು ಮಾತ್ರ ಬಾಕಿ ಉಳಿಯಿತು.

12ನೇ ಕಲಮಿನ ವಿಚಾರದಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. ಯಾರು ಸಾಗುವಳಿ ಮಾಡುತ್ತಾರೆ ಅಂತ ಹೊಲಕ್ಕೇ ಹೋಗಿ ನೋಡಿ ಆ ಕಲಂ ತುಂಬಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ಒಂದು ದೊಡ್ಡ ಮನೆಯ ಜಗಲಿಯಲ್ಲಿ ಕೂತು, ಯಜಮಾನರು ಹೇಳಿದಂತೆ ತುಂಬಿದೆ. ಸರ್ವೇ ನಂಬರ್ ಓದುತ್ತಿದ್ದೆ, ಅವರು 'ಸ್ವಂತ' ಅನ್ನುತ್ತಿದ್ದರು, ನಾನು 'ಸ್ವಂತ' ಅಂತ ಬರೆಯುತ್ತಿದ್ದೆ. ಜಗಲಿ ಕೆಳಗೆ ರಾಗಿ ಕೇರುತ್ತಿದ್ದ ಮುದುಕಿಯೊಬ್ಬಳು ಮೊರ ನಿಲ್ಲಿಸಿ, "ಕೆರೆ ಹಿಂದಲದ್ದು ನಾವು ಮಾಡೋದು ಕಣವ್ವ, ನಮ್ಮೆಸ್ರೂ ಬರ್ಕತೀಯಾ?" ಅಂದಳು. ಯಜಮಾನರು ನಕ್ಕರು. ನಾನೂ ನಕ್ಕೆ. ಮಧ್ಯಾಹ್ನದ ಬಸ್ಸಿಗೆ ಹೊತ್ತಾಗಿತ್ತು. ಮುದುಕಿಯ ಆ ಮೊರದ ಸದ್ದು ಈಗಲೂ ನೆನಪಿದೆ.

ನಿಮ್ಮ ಪ್ರಶ್ನೆಗೆ: ಆ ಕಲಮಿನಲ್ಲಿ ಹೆಸರು ಬಂದರೂ ಇವತ್ತಿನ ಕಾನೂನಿನಲ್ಲಿ ನೀವು ಒಡೆಯರಾಗುವುದಿಲ್ಲ. ಅದಕ್ಕಾಗಿ ಮಾಲೀಕರ ಜೊತೆ ಜಗಳ ಆಡಿ ಇರುವ ಗದ್ದೆಯನ್ನೂ ಕಳೆದುಕೊಳ್ಳಬೇಡಿ. ಬದಲಿಗೆ ಸಾಲಕ್ಕೆ ದಾರಿ ನೋಡಿ. ನಿಮ್ಮಂತೆ ಲೀಜಿಗೆ ಮಾಡುವ 4ರಿಂದ 10 ಜನ ಸೇರಿ ಜಂಟಿ ಹೊಣೆಗಾರಿಕೆ ಗುಂಪು ಕಟ್ಟಿದರೆ, ಜಮೀನು ಅಡ ಇಡದೆ ಬ್ಯಾಂಕು ಸಾಲ ಕೊಡಬಹುದು. ನಬಾರ್ಡ್ ಈ ಗುಂಪುಗಳನ್ನು ಬೆಳೆಸಿದ್ದೇ ಗೇಣಿದಾರರಿಗೆ, ಪಾಲಿಗೆ ಮಾಡುವವರಿಗೆ ಅಂತ. ಮ್ಯಾನೇಜರು 'ಹಾಗೇನೂ ಇಲ್ಲ' ಅಂದರೆ ಜೆಎಲ್‌ಜಿ ಅಂತ ಕೇಳಿ, ಆ ಹೆಸರು ಗೊತ್ತಿರುತ್ತದೆ. ಪರಿಹಾರದ ಮಾತನ್ನು ನಾಟಿಗೆ ಮೊದಲೇ ಮಾಲೀಕರ ಹತ್ತಿರ ಆಡಿ: ಬೆಳೆ ಹೋದರೆ ಬಂದ ಹಣ ಯಾರಿಗೆ, ಚೀಲದಲ್ಲಿ ಎಷ್ಟು ಬಿಡುತ್ತೀರಿ ಅಂತ. ಇಬ್ಬರು ದೊಡ್ಡವರು ಎದುರಿಗಿರಲಿ. ಕಾನೂನಿನ ಬಲ ಅದಕ್ಕಿಲ್ಲ, ಊರಿನ ಬಲ ಇರುತ್ತದೆ.

*ಚಳ್ಳಕೆರೆ ತಾಲೂಕು. ಗೋಮಾಳದಲ್ಲಿ ಎರಡು ಎಕರೆ 1996ರಿಂದ ಸಾಗು ಮಾಡುತ್ತಿದ್ದೇವೆ. ಸಕ್ರಮ ಮಾಡಿಕೊಡಿ ಅಂತ ನಮೂನೆ 57 ಹಾಕಿದ್ದೆ. 'ತಿರಸ್ಕಾರ ಆಗಿದೆ' ಅಂತ ಬಾಯಲ್ಲಿ ಹೇಳಿ ಕಳಿಸಿದರು. ಈಗ ಒಬ್ಬರು ಅಗ್ರಿಮೆಂಟ್ ಮಾಡಿಕೊಂಡು ಹಣ ಕೊಡುತ್ತೇನೆ ಅಂತಾರೆ. ಏನು ಮಾಡಲಿ?*

ಬಾಯಲ್ಲಿ ಹೇಳಿದ್ದನ್ನು ಒಪ್ಪಬೇಡಿ. ಯಾಕೆ ತಿರಸ್ಕಾರ ಅಂತ ಕಾರಣ ಬರೆದ ಹಿಂಬರಹ ಕೇಳಿ, ಕೊಡದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಕಾರಣ ಗೊತ್ತಾದರೆ ಮಾತ್ರ ಮುಂದಿನ ದಾರಿ. ಬಗರ್‌ಹುಕುಂ (ಅನುಮತಿ ಇಲ್ಲದೆ ಸರ್ಕಾರಿ ಜಮೀನು ಸಾಗು) ಅರ್ಜಿದಾರರಿಗೆ ಹೇಳುವ ಕಾರಣಗಳಲ್ಲಿ ಕೆಲವು ಗಟ್ಟಿ, ಕೆಲವು ಪೊಳ್ಳು. 1-1-2005ಕ್ಕೆ ಮೊದಲಿನಿಂದ ಸಾಗುವಳಿ ಇಲ್ಲ ಅಂದಿದ್ದರೆ ನಿಮ್ಮ ಹತ್ತಿರ ಸರ್ಕಾರಿ ಜಮೀನು ಉತ್ತಿದ್ದಕ್ಕೆ ಹಾಕುತ್ತಿದ್ದ ಹಳೆಯ ಟಿ.ಟಿ. ದಂಡದ ರಸೀದಿ ಇದೆಯೇ ನೋಡಿ. ಅಂದು ನಿಮ್ಮಪ್ಪ ಬೈದುಕೊಂಡು ಕಟ್ಟಿದ ಆ ದಂಡವೇ ಇವತ್ತು ನಿಮಗೆ ಸಾಕ್ಷಿ. ಗೋಮಾಳ ಸಾಲದು ಅಂದಿದ್ದರೆ ಲೆಕ್ಕ ಕೇಳಿ. ನೂರು ಜಾನುವಾರಿಗೆ 30 ಎಕರೆ ಅನ್ನೋದು ನಿಯಮ. ಊರಿನ ಈಗಿನ ಜಾನುವಾರು ಎಷ್ಟು, ಗೋಮಾಳ ಎಷ್ಟು ಉಳಿದಿದೆ ಅನ್ನೋದು ಕಾಗದದ ಮೇಲೆ ಬರಲಿ. ಪಟ್ಟಣದ ಸುತ್ತ ಸಕ್ರಮ ಮಾಡಬಾರದ ಅಂತರದೊಳಗೆ ಬರುತ್ತದೆ ಅಂದಿದ್ದರೆ ಮಾತ್ರ ಕಷ್ಟ. ಮೇಲ್ಮನವಿ ಉಪವಿಭಾಗಾಧಿಕಾರಿಗೆ.

ಅಗ್ರಿಮೆಂಟ್ ಬೇಡ. ನಿಮ್ಮ ಹೆಸರಿಗೇ ಬಾರದ ಜಮೀನನ್ನು ನೀವು ಹೇಗೆ ಮಾರುತ್ತೀರಿ? ಕೊಳ್ಳುವವರಿಗೆ ಇದು ಗೊತ್ತು. ಅವರು ಕೊಳ್ಳುತ್ತಿರುವುದು ನಿಮ್ಮ ಅವಸರವನ್ನು. ಹಣ ಪಡೆದು ಹೊಲ ಬಿಟ್ಟುಕೊಟ್ಟರೆ, ಸಾಗುವಳಿ ನಿಮ್ಮದಲ್ಲ ಅಂತ ನೀವೇ ಬರೆದುಕೊಟ್ಟ ಹಾಗೆ.

*ಪಹಣಿಯಲ್ಲಿ 2 ಎಕರೆ 10 ಗುಂಟೆ. ಸರ್ವೇಯರ್ ಅಳೆದರೆ 2 ಎಕರೆ 2 ಗುಂಟೆ. ಎಂಟು ಗುಂಟೆ ಎಲ್ಲಿ ಹೋಯಿತು? - ಕಡೂರಿನಿಂದ ಒಬ್ಬರು*

ಮೂರು ಕಡೆ ಹುಡುಕಿ. ಮೊದಲು ಆಕಾರ್‌ಬಂದ್ (ಸರ್ವೇ ಇಲಾಖೆಯ ಮೂಲ ವಿಸ್ತೀರ್ಣದ ದಾಖಲೆ) ನಕಲು ತೆಗೆಸಿ. ಅದರಲ್ಲೇ 2 ಎಕರೆ 2 ಗುಂಟೆ ಇದ್ದರೆ ಪಹಣಿ ಬರೆದವರ ಕೈ ಜಾರಿದೆ ಅಂತ ಅರ್ಥ, ನಿಮ್ಮ ಜಮೀನು ಮೊದಲಿನಿಂದ ಅಷ್ಟೇ. ಆಮೇಲೆ ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ನೋಡಿ. ಹಳ್ಳ, ದಾರಿ ಹೋದ ಜಾಗ 'ಬಿ' ಖರಾಬಾಗಿದ್ದರೆ ಅದು ಸಾರ್ವಜನಿಕರದ್ದು, ನಿಮ್ಮ ಲೆಕ್ಕಕ್ಕೆ ಬರುವುದಿಲ್ಲ. ಎರಡೂ ಸರಿ ಇದ್ದರೆ ಎಂಟು ಗುಂಟೆ ಪಕ್ಕದ ಬದುವಿನ ಆಚೆ ಇದೆ. ವರ್ಷಕ್ಕೊಂದು ಸಾಲು ಬದು ಕೆತ್ತಿದರೆ ಯಾರಿಗೂ ಕಾಣುವುದಿಲ್ಲ. ಹದ್ದುಬಸ್ತಿಗೆ, ಅಂದರೆ ಗಡಿ ಅಳೆದು ಗುರುತಿಸಲು, ಅರ್ಜಿ ಕೊಡಿ. ಅಳತೆಯ ದಿನ ಪಕ್ಕದ ಹೊಲದವರಿಗೆ ನೋಟಿಸು ಹೋಗುತ್ತದೆ. ಆದರೂ ಹಿಂದಿನ ಸಂಜೆ ನೀವೇ ಹೋಗಿ ಕರೆದು ಬನ್ನಿ, ಅವರ ಮುಂದೆಯೇ ಕಲ್ಲು ನೆಡಿಸಿ. ಕಲ್ಲು ನೆಟ್ಟ ಮೇಲೆ ಫೋನಿನಲ್ಲಿ ಫೋಟೋ ತೆಗೆಯಿರಿ, ಹಿಂದೆ ಬೇವಿನ ಮರವೋ ಬಾವಿಯೋ ಕಾಣುವ ಹಾಗೆ. ಕಲ್ಲಿಗೂ ಕಾಲು ಬರುತ್ತದೆ, ನಾನು ನೋಡಿದ್ದೇನೆ.